ಡ್ರ್ಯಾಗ್ ಓಟದ ಪಿಕಪ್: ಗಾಲಿ, ಎಕ್ಸೆಲ್ ಮತ್ತು ಗೇರಿನ ಮಾರ್ಪಾಡು

ನಿಂತಲ್ಲಿಂದ ಹೊರಟು, ನೇರ ಹಾದಿಯಲ್ಲಿ ಗೊತ್ತಾದ ದೂರವನ್ನು ಅತಿ ಕಡಿಮೆ ಹೊತ್ತಿನಲ್ಲಿ ಮುಟ್ಟುವ ಮೋಟಾರು ಸ್ಪರ್ಧೆಯೇ ಡ್ರ್ಯಾಗ್ ರೇಸ್. ದೂರ ಸಾಮಾನ್ಯವಾಗಿ ಕಾಲು ಮೈಲಿ, ಅಂದರೆ 402 ಮೀಟರ್. ಕೆಲವು ಕಡೆ ಅದರ ಅರ್ಧ. ಅಮೆರಿಕದಲ್ಲಿ 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಹುಟ್ಟಿದ ಮೇಲೆ ಈ ಆಟಕ್ಕೆ ನಿಯಮಗಳ ಚೌಕಟ್ಟು ಬಂತು. ಅದರಲ್ಲಿ ಕಾರು, ಬೈಕುಗಳ ಜೊತೆಗೆ ಸರಕು ಸಾಗಿಸುವ ಪಿಕಪ್‌ಗಳಿಗೂ ಬಹಳ ಹಿಂದೆಯೇ ಜಾಗ ಸಿಕ್ಕಿತು. ಬೀದಿಯಲ್ಲಿ ಓಡುವ ಪಿಕಪ್ ಒಂದನ್ನು ಇಂಥ ಓಟಕ್ಕೆ ಸಜ್ಜುಗೊಳಿಸುವಾಗ ಗಾಲಿ, ಎಕ್ಸೆಲ್, ಡಿಫರೆನ್ಷಿಯಲ್, ಗೇರ್‌ಬಾಕ್ಸ್‌ಗಳಲ್ಲಿ ಮಾಡುವ ಬದಲಾವಣೆಗಳನ್ನು ಈ ಲೇಖನ ವಿವರಿಸುತ್ತದೆ. ಎಂಜಿನ್‌ನ ಶಕ್ತಿ ಹೆಚ್ಚಿಸುವ ಮಾತು ಇಲ್ಲಿ ಕಡಿಮೆ. ಪಿಕಪ್‌ನ ತೊಂದರೆ ಶಕ್ತಿಯ ಕೊರತೆಗಿಂತ ಮೊದಲು ಆ ಶಕ್ತಿಯನ್ನು ನೆಲಕ್ಕೆ ಮುಟ್ಟಿಸುವುದರಲ್ಲಿದೆ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಓದುಗರಿಗೆ ಪಿಕಪ್ ಹೊಸದಲ್ಲ. ಎರಿ ಹೊಲದ ಉಳ್ಳಾಗಡ್ಡಿ, ಮೆಣಸಿನಕಾಯಿ, ಶೇಂಗಾ, ಹತ್ತಿ ಮಾರುಕಟ್ಟೆ ಸೇರುವುದು ಟ್ರ್ಯಾಕ್ಟರಿನ ಟ್ರೇಲರ್‌ನಲ್ಲಿ, ಇಲ್ಲವೇ ಬೊಲೆರೊ ಪಿಕಪ್‌ನಂಥ ಗಾಡಿಗಳಲ್ಲಿ. ನಿಂತಲ್ಲಿಂದ ಹೊರಡುವ ಓಟದ ರುಚಿಯೂ ಈ ಸೀಮೆಗೆ ಗೊತ್ತು. ಇಲ್ಲಿಯ ಹಳ್ಳಿಗಳಲ್ಲಿ, ಪಕ್ಕದ ಹಾವೇರಿ, ಧಾರವಾಡ ಜಿಲ್ಲೆಗಳಂತೆಯೇ, ಜೋಡೆತ್ತಿನ ಖಾಲಿ ಗಾಡಾ ಓಡಿಸುವ ಸ್ಪರ್ಧೆ ನಡೆಯುತ್ತದೆ. ಅಲ್ಲಿ ಒಂದು ನಿಮಿಷದಲ್ಲಿ ಜೋಡಿ ಎಷ್ಟು ದೂರ ಓಡಿತು ಎಂದು ಅಳೆಯುತ್ತಾರೆ. ಡ್ರ್ಯಾಗ್ ಓಟದಲ್ಲಿ ದೂರ ಕಟ್ಟಿಟ್ಟದ್ದು, ಅಳೆಯುವುದು ಸಮಯವನ್ನು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿ ಹಿಮ್ಮುಖವಾಗಿ ಓಡಿಸುವ ಸ್ಪರ್ಧೆಗಳೂ ಜಾತ್ರೆಗಳಲ್ಲಿ ಜನ ಸೇರಿಸುತ್ತವೆ. ಇವು ಯಾವುವೂ ಡ್ರ್ಯಾಗ್ ರೇಸ್ ಅಲ್ಲ. ಆದರೆ ಗಾಲಿ ನೆಲ ಹಿಡಿಯದೆ ಇದ್ದರೆ ಬಲವೆಲ್ಲ ದಂಡ ಎಂಬ ಸಂಗತಿ ಮಳೆಗಾಲದ ಎರಿ ಮಣ್ಣಿನಲ್ಲಿ ಟ್ರ್ಯಾಕ್ಟರ್ ಹೂಡಿದ ಪ್ರತಿ ರೈತನಿಗೂ ತಿಳಿದಿದೆ. ಹಿಂದಿನ ಟೈರಿನೊಳಗೆ ನೂರು ಲೀಟರಿಗೂ ಹೆಚ್ಚು ನೀರು ತುಂಬಿಸುವುದು, ಗಾಲಿಗೆ ಬೀಡಿನ ತೂಕ ಕಟ್ಟುವುದು ಇದೇ ಕಾರಣಕ್ಕೆ.

ಪಿಕಪ್‌ನ ರಚನೆಯಲ್ಲೇ ಒಂದು ತೊಡಕಿದೆ. ಎಂಜಿನ್, ಗೇರ್‌ಬಾಕ್ಸ್, ಕ್ಯಾಬಿನ್ ಎಲ್ಲ ಮುಂದೆ. ಹಿಂದೆ ಖಾಲಿ ತೊಟ್ಟಿ. ಎಳೆಯುವ ಕೆಲಸವೋ ಹಿಂದಿನ ಗಾಲಿಗಳದ್ದು. ಸರಕು ಹೇರಿದಾಗ ಹಿಂದೆ ಭಾರ ಬಿದ್ದು ಗಾಡಿ ಚೆನ್ನಾಗಿ ಹಿಡಿಯುತ್ತದೆ. ಖಾಲಿ ಇದ್ದಾಗ ಒಟ್ಟು ತೂಕದ ಅರ್ಧಕ್ಕಿಂತ ಕಡಿಮೆ ಭಾಗ ಮಾತ್ರ ಹಿಂದಿನ ಟೈರುಗಳ ಮೇಲಿರುತ್ತದೆ.

ಇದನ್ನು ಲೆಕ್ಕದಲ್ಲಿ ನೋಡುವುದು ಒಳ್ಳೆಯದು. 2022ರಲ್ಲಿ ಭಾರತದ ಮಾರುಕಟ್ಟೆಗೆ ಬಂದ, ರಾಮನಗರದ ಬಳಿಯ ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಹೈಲಕ್ಸ್‌ನ 2.8 ಲೀಟರ್ ಡೀಸೆಲ್ ಎಂಜಿನ್, ಮ್ಯಾನ್ಯುಯಲ್ ಗೇರಿನ ಮಾದರಿಯಲ್ಲಿ 420 ನ್ಯೂಟನ್-ಮೀಟರ್ ತಿರುಗುಬಲ ಕೊಡುತ್ತದೆ. ಲೆಕ್ಕದ ಅನುಕೂಲಕ್ಕೆ ಮೊದಲ ಗೇರಿನ ಅನುಪಾತ 4, ಡಿಫರೆನ್ಷಿಯಲ್‌ನ ಕ್ರೌನ್-ಪಿನಿಯನ್ ಗೇರುಗಳ ಅನುಪಾತ 4 ಎಂದು ಹಿಡಿಯಬಹುದು. ಎಕ್ಸೆಲ್‌ಗೆ ಮುಟ್ಟುವ ಬಲ ಆಗ ಹದಿನಾರು ಪಟ್ಟು ಹೆಚ್ಚಿ 6,720 ನ್ಯೂಟನ್-ಮೀಟರ್ ಆಗುತ್ತದೆ. ಟೈರಿನ ತ್ರಿಜ್ಯ 0.38 ಮೀಟರ್ ಆದರೆ, ಗಾಡಿಯನ್ನು ಮುಂದಕ್ಕೆ ನೂಕುವ ಬಲ ಸುಮಾರು 1,800 ಕಿಲೋ ತೂಕಕ್ಕೆ ಸಮ. ಈಗ ನೆಲದ ಕಡೆ ನೋಡಬೇಕು. ಗಾಡಿಯ ತೂಕ 2,100 ಕಿಲೋ, ಹಿಂದಿನ ಪಾಲು 900 ಕಿಲೋ ಎಂದುಕೊಂಡರೆ, ಸಾಮಾನ್ಯ ರಸ್ತೆ ಟೈರು ಒಣ ಡಾಂಬರಿನ ಮೇಲೆ ತನ್ನ ಮೇಲಿನ ಭಾರದ ಹೆಚ್ಚೆಂದರೆ ಶೇ 85ರಷ್ಟು ಹಿಡಿತ ಕೊಡುತ್ತದೆ. ಹೊರಡುವಾಗ ಗಾಡಿ ಹಿಂದಕ್ಕೆ ಕುಕ್ಕರಿಸಿ ಇನ್ನೊಂದು 190 ಕಿಲೋ ಹಿಂದೆ ಜಾರಿದರೂ ಟೈರು ತಾಳಿಕೊಳ್ಳುವುದು 930 ಕಿಲೋ ಬಲವನ್ನು ಮಾತ್ರ. ಎಂಜಿನ್ ಕೊಡುವುದರಲ್ಲಿ ಅರ್ಧ ಹೊಗೆಯಾಗಿ ಹೋಗುತ್ತದೆ. ಇಂಥ ಗಾಡಿಗೆ ಇನ್ನಷ್ಟು ಡೀಸೆಲ್ ಸುರಿದು ಶಕ್ತಿ ಹೆಚ್ಚಿಸಿದರೆ ಮೊದಲ ಇಪ್ಪತ್ತು ಮೀಟರಿನಲ್ಲಿ ಏನೂ ಲಾಭವಿಲ್ಲ, ನಷ್ಟವೇ ಹೆಚ್ಚು.

ಡ್ರ್ಯಾಗ್ ಪಥದಲ್ಲಿ ಆ ಮೊದಲ ತುಂಡಿಗೆ ಪ್ರತ್ಯೇಕ ಲೆಕ್ಕವೇ ಇದೆ. ಹೊರಡುವ ಗೆರೆಯಿಂದ 60 ಅಡಿ, ಅಂದರೆ 18.3 ಮೀಟರ್ ದೂರದಲ್ಲಿ ಬೆಳಕಿನ ಕಿರಣವೊಂದು ಗಾಡಿ ದಾಟಿದ ಕ್ಷಣವನ್ನು ಬರೆದುಕೊಳ್ಳುತ್ತದೆ. ಅಲ್ಲಿ ಉಳಿಸಿದ ಸಮಯ ಕೊನೆಯ ಗೆರೆಯಲ್ಲಿ ಹಿಗ್ಗಿ ಬರುತ್ತದೆ. ಗಾಲಿ ಮತ್ತು ಎಕ್ಸೆಲ್‌ನ ಕೆಲಸ ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ಇದಕ್ಕಿಂತ ಪ್ರಾಮಾಣಿಕ ಅಳತೆ ಇನ್ನೊಂದಿಲ್ಲ.

ಪಿಕಪ್‌ನ ಈ ಸಮಸ್ಯೆಗೆ ಚರಿತ್ರೆಯಲ್ಲಿ ಎರಡು ದೊಡ್ಡ ಉತ್ತರಗಳು ಸಿಗುತ್ತವೆ. ಮೊದಲನೆಯದು 1965ರ ಹೊತ್ತಿನ ‘ಲಿಟಲ್ ರೆಡ್ ವ್ಯಾಗನ್’. ಡಾಡ್ಜ್ ಎ100 ಎಂಬ ಮೋಟುಮೂತಿಯ ಪಿಕಪ್‌ಗೆ 426 ಘನ ಇಂಚಿನ ಹೆಮಿ ಎಂಜಿನ್ ಅನ್ನು ಕ್ಯಾಬಿನ್‌ನ ಹಿಂದೆ ಕೂರಿಸಿದರು. ಭಾರವೆಲ್ಲ ಹಿಂದೆ ಬಿದ್ದು, ಹಿಡಿತ ಎಷ್ಟು ಬಂತೆಂದರೆ ಆಕ್ಸಿಲರೇಟರ್ ತುಳಿದ ಕೂಡಲೇ ಮುಂದಿನ ಎರಡೂ ಗಾಲಿ ಆಕಾಶಕ್ಕೆದ್ದವು. ಬಿಲ್ ‘ಮೇವರಿಕ್’ ಗೋಲ್ಡನ್ ಅದನ್ನು ಎರಡೇ ಗಾಲಿಯ ಮೇಲೆ ಓಡಿಸಿ ಪ್ರದರ್ಶನದ ಗಾಡಿಯಾಗಿ ಹೆಸರು ಮಾಡಿದ. ಎರಡನೆಯದು 1991ರ ಜಿಎಂಸಿ ಸೈಕ್ಲೋನ್. 4.3 ಲೀಟರ್ ವಿ6 ಎಂಜಿನ್‌ಗೆ ಟರ್ಬೊ ಹಾಕಿ 280 ಅಶ್ವಶಕ್ತಿ ತೆಗೆದು, ಅದನ್ನು ನಾಲ್ಕೂ ಗಾಲಿಗೆ ಹಂಚಿದರು: ಮುಂದಕ್ಕೆ ಶೇ 35, ಹಿಂದಕ್ಕೆ ಶೇ 65. ‘ಕಾರ್ ಆ್ಯಂಡ್ ಡ್ರೈವರ್’ ಪತ್ರಿಕೆಯ ಕಾಲು ಮೈಲಿ ಪರೀಕ್ಷೆಯಲ್ಲಿ ಅದು ಫೆರಾರಿ 348 ಕಾರನ್ನೇ ಹಿಂದೆ ಹಾಕಿತು. ಗೆಲುವು ಹೊರಡುವ ಗೆರೆಯಲ್ಲೇ ಆಗಿಹೋಗಿತ್ತು. ಅದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು: ಆ ಪಿಕಪ್ ಹೊರಬಹುದಾದ ಸರಕು 227 ಕಿಲೋ ಮಾತ್ರ, ನಾಲ್ಕು ಚೀಲ ಮೆಣಸಿನಕಾಯಿಯ ಲೆಕ್ಕ. ಓಟಕ್ಕೆ ಹೊಂದಿಸಿದಷ್ಟೂ ಪಿಕಪ್ ತನ್ನ ಕಸುಬನ್ನು ಬಿಟ್ಟುಕೊಡುತ್ತ ಹೋಗುತ್ತದೆ. ಮುಂದೆ 1998ರಿಂದ 2001ರವರೆಗೆ ಅಮೆರಿಕದಲ್ಲಿ ‘ಪ್ರೊ ಸ್ಟಾಕ್ ಟ್ರಕ್’ ಎಂಬ ಪ್ರತ್ಯೇಕ ವರ್ಗವೇ ನಡೆಯಿತು. ಅದರಲ್ಲಿ ಓಡಿದವು ಹೊರನೋಟಕ್ಕೆ ಮಾತ್ರ ಪಿಕಪ್‌ಗಳು.

ಬೀದಿಯ ಗಾಡಿಗೆ ಮರಳಿದರೆ, ಮೊದಲ ಕೆಲಸ ಟೈರಿನದು. ಸರಕಿನ ಪಿಕಪ್‌ನ ಟೈರು ಗಟ್ಟಿ ರಬ್ಬರಿನದು, ಗಟ್ಟಿ ಅಂಚಿನದು, ಹೆಚ್ಚು ಗಾಳಿ ಕೇಳುವಂಥದ್ದು. ಸಾವಿರಾರು ಕಿಲೋಮೀಟರ್ ಬಾಳಲೆಂದು ಮಾಡಿದ್ದು ಅದು, ನೆಲಕ್ಕೆ ಅಂಟಲೆಂದಲ್ಲ. ಡ್ರ್ಯಾಗ್ ಟೈರು ಇದಕ್ಕೆ ತದ್ವಿರುದ್ಧ: ಮೆತ್ತನೆಯ ರಬ್ಬರು, ಅಗಲವಾದ ಮೈ, ಬಗ್ಗುವ ಎತ್ತರದ ಪಕ್ಕೆ. ಪೂರ್ತಿ ನುಣುಪಾದ ‘ಸ್ಲಿಕ್’ ಟೈರು ಪಥಕ್ಕೆ ಮಾತ್ರ ಮೀಸಲು. ಗೀರುಗಳಿರುವ ‘ಡ್ರ್ಯಾಗ್ ರೇಡಿಯಲ್’ ರಸ್ತೆಗೂ ಪಥಕ್ಕೂ ನಡುವಿನದು, ಅದರಲ್ಲೂ ಮಳೆಯಲ್ಲಿ ನೆಚ್ಚಲಾಗದ್ದು. ಸ್ಲಿಕ್ ಹಾಕಿದ ಗಾಡಿ ಹೊರಡುವುದನ್ನು ನಿಧಾನಗತಿಯ ಚಿತ್ರದಲ್ಲಿ ನೋಡಿದರೆ, ರಿಮ್ ಮೊದಲು ತಿರುಗುತ್ತದೆ, ಟೈರಿನ ಪಕ್ಕೆ ಸುಕ್ಕುಗಟ್ಟಿ ಹಿಂಡಿದಂತಾಗುತ್ತದೆ, ಆಮೇಲೆ ನೆಲ ಮುಟ್ಟಿದ ರಬ್ಬರು ಹಿಂಬಾಲಿಸುತ್ತದೆ. ಆ ಸುಕ್ಕು ಬಲದ ಹೊಡೆತವನ್ನು ನುಂಗಿ, ಸ್ವಲ್ಪ ಸ್ವಲ್ಪವಾಗಿ ನೆಲಕ್ಕೆ ಬಿಟ್ಟುಕೊಡುತ್ತದೆ. ಹಾಗಾಗಿಯೇ ಡ್ರ್ಯಾಗ್‌ಗೆ ದೊಡ್ಡ ರಿಮ್, ತೆಳ್ಳನೆಯ ಟೈರು ಸಲ್ಲದು. ಚಿಕ್ಕ ರಿಮ್, ದಪ್ಪ ಪಕ್ಕೆಯ ಟೈರು ಬೇಕು. ಷೋಕಿಗೆಂದು 20 ಇಂಚಿನ ಅಲಾಯ್ ಹಾಕಿಸಿದ ಪಿಕಪ್ ನಿಂತಾಗ ಚೆಂದ, ಹೊರಡುವಾಗ ಸೋಲು.

ಗಾಳಿ ಇಳಿಸುವುದೂ ಒಂದು ಹದ. ಡ್ರ್ಯಾಗ್ ರೇಡಿಯಲ್‌ಗಳನ್ನು ಇಪ್ಪತ್ತು ಪಿಎಸ್‌ಐಗಿಂತ ಕೆಳಗೆ ಇಳಿಸಿ ಓಡಿಸುವುದು ವಾಡಿಕೆ. ಆದರೆ ಗಾಳಿ ಇಳಿಸಿದ ಟೈರಿನೊಳಗೆ ರಿಮ್ ಮಾತ್ರ ತಿರುಗಿ, ಟೈರು ನಿಂತಲ್ಲೇ ಜಾರುವ ಅಪಾಯವಿದೆ. ಇದನ್ನು ತಡೆಯಲು ಟೈರಿನ ಅಂಚನ್ನು ರಿಮ್‌ಗೆ ಸ್ಕ್ರೂ ಹಾಕಿ ಬಿಗಿಯುತ್ತಾರೆ ಅಥವಾ ಅಂಚನ್ನು ಕಚ್ಚಿ ಹಿಡಿಯುವ ಉಂಗುರವಿರುವ ರಿಮ್ ಬಳಸುತ್ತಾರೆ. ಅಗಲದ ರಿಮ್ ಹಾಕಿದಾಗ ಗಾಲಿಯ ಸ್ಟಡ್‌ಗಳು ಉದ್ದ ಸಾಲದೆ ನಟ್ಟು ಎರಡೇ ಸುತ್ತು ಹಿಡಿದುಕೊಂಡಿರುವುದುಂಟು. ಇದು ಸಣ್ಣ ವಿಷಯವಲ್ಲ. ನಟ್ಟು ಕನಿಷ್ಠ ಸ್ಟಡ್‌ನ ದಪ್ಪದಷ್ಟಾದರೂ ಒಳಗೆ ಹೋಗಲೇಬೇಕು, ಇಲ್ಲದಿದ್ದರೆ ಉದ್ದದ ಸ್ಟಡ್ ಹಾಕಿಸಬೇಕು. ಗಾಲಿ ಹಗುರವಾದಷ್ಟೂ ಲಾಭ ಹೆಚ್ಚು, ಏಕೆಂದರೆ ಅದನ್ನು ಮುಂದಕ್ಕೆ ಸಾಗಿಸುವುದಷ್ಟೇ ಅಲ್ಲ, ತಿರುಗಿಸಲೂ ಶಕ್ತಿ ಬೇಕು. ಟ್ರ್ಯಾಕ್ಟರಿನ ನೀರಿನ ಉಪಾಯ ಇಲ್ಲಿ ನಡೆಯದಿರುವುದು ಇದಕ್ಕೇ. ಹಿಂದೆ ಭಾರ ಬೇಕೆಂದರೆ ಬ್ಯಾಟರಿಯನ್ನು ಮುಂದಿನಿಂದ ತೆಗೆದು ತೊಟ್ಟಿಯಲ್ಲಿ, ಹಿಂದಿನ ಎಕ್ಸೆಲ್‌ನ ಮೇಲೆ ಕೂರಿಸುವುದು ಉತ್ತಮ: ಒಟ್ಟು ತೂಕ ಏರುವುದಿಲ್ಲ, ಹಿಡಿತ ಏರುತ್ತದೆ. ಬೇರೆ ಭಾರ ಹಾಕುವುದಾದರೆ ಚಾಸಿಗೆ ಬೋಲ್ಟ್ ಹಾಕಿಯೇ ಬಿಗಿಯಬೇಕು. ಸಡಿಲವಾದ ಮರಳಿನ ಚೀಲ ಗಾಡಿ ಬ್ರೇಕ್ ಹಾಕಿದಾಗ ಕ್ಯಾಬಿನ್ನಿನ ಬೆನ್ನಿಗೆ ಬಡಿಯುತ್ತದೆ.

ಎರಡನೆಯ ಕೆಲಸ ಹಿಂದಿನ ಲೀಫ್ ಸ್ಪ್ರಿಂಗ್‌ನದು. ನಮ್ಮ ಪಿಕಪ್‌ಗಳಲ್ಲಿ ಎಕ್ಸೆಲ್ ಹೌಸಿಂಗ್ ಕೂರುವುದು ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಮೇಲೆ. ಗಾಲಿ ಮುಂದಕ್ಕೆ ತಿರುಗುವಾಗ ಹೌಸಿಂಗ್ ಹಿಂದಕ್ಕೆ ತಿರುಚಿಕೊಳ್ಳಲು ನೋಡುತ್ತದೆ. ಅದರ ಮೂತಿ, ಅಂದರೆ ಪಿನಿಯನ್ ಇರುವ ಭಾಗ, ಮೇಲಕ್ಕೇಳುತ್ತದೆ. ಸ್ಪ್ರಿಂಗ್ ಪಟ್ಟಿಗಳು ಹಾವಿನಂತೆ ಬಾಗುತ್ತವೆ, ಒಂದು ಹಂತಕ್ಕೆ ತಡೆಯದೆ ಫಟ್ಟನೆ ಮರಳುತ್ತವೆ, ಗಾಲಿ ನೆಲ ಬಿಡುತ್ತದೆ, ಮತ್ತೆ ಬಡಿಯುತ್ತದೆ. ಸೆಕೆಂಡಿಗೆ ಹಲವು ಸಲ ನಡೆಯುವ ಈ ಕುಪ್ಪಳಿಕೆಯಲ್ಲೇ ಗೇರ್‌ಬಾಕ್ಸ್‌ನಿಂದ ಎಕ್ಸೆಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕೀಲು (ಕ್ರಾಸ್), ಎಕ್ಸೆಲ್ ಶಾಫ್ಟ್, ಕ್ರೌನ್-ಪಿನಿಯನ್ನಿನ ಹಲ್ಲು ಮುರಿಯುವುದು ಹೆಚ್ಚು. ಇದಕ್ಕೆ ಮದ್ದು ಟ್ರ್ಯಾಕ್ಷನ್ ಬಾರ್. ಎಕ್ಸೆಲ್‌ಗೆ ಬಿಗಿದ ಗಟ್ಟಿ ಸರಳೊಂದು ಸ್ಪ್ರಿಂಗ್‌ನ ಕೆಳಗೆ ಮುಂದಕ್ಕೆ ಚಾಚಿರುತ್ತದೆ; ಹೌಸಿಂಗ್ ತಿರುಚಿಕೊಳ್ಳಲು ಹೋದಾಗ ಸರಳಿನ ತುದಿ ಸ್ಪ್ರಿಂಗ್‌ನ ಮುಂಗಣ್ಣಿಗೆ ತಾಗಿ ತಡೆಯುತ್ತದೆ. ತಡೆದ ಬಲ ಗಾಡಿಯ ಹಿಂಭಾಗವನ್ನು ಮೇಲಕ್ಕೂ ಟೈರನ್ನು ನೆಲಕ್ಕೂ ಒತ್ತುತ್ತದೆ. ಕೆಲವರು ಇನ್ನೆರಡು ಪಟ್ಟಿ ಸೇರಿಸಿ ಸ್ಪ್ರಿಂಗ್ ಬಿಗಿ ಮಾಡಿಸುತ್ತಾರೆ. ಸರಕಿಗೆ ಅದು ಸರಿ, ಓಟಕ್ಕೆ ತಪ್ಪು. ಖಾಲಿ ಗಾಡಿಯ ಹಿಂಭಾಗ ಕುಣಿಯುವುದು ಇನ್ನೂ ಹೆಚ್ಚುತ್ತದೆ.

ಖಾಲಿ ಜಾಗದಲ್ಲಿ ಜೋರಾಗಿ ಹೊರಟ ಪಿಕಪ್‌ನ ಹಿಂದೆ ಡಾಂಬರಿನ ಮೇಲೆ ಹಲವು ಬಾರಿ ಒಂದೇ ಕಪ್ಪು ಗೆರೆ ಕಾಣುತ್ತದೆ. ಎರಡು ಗಾಲಿ, ಗೆರೆ ಒಂದು. ಪ್ರೊಪೆಲ್ಲರ್ ಶಾಫ್ಟ್‌ನ ತಿರುಗುಬಲ ಇಡೀ ಎಕ್ಸೆಲ್ ಅನ್ನು ಓರೆ ಮಾಡಿ ಬಲಗಡೆಯ ಹಿಂಗಾಲಿಯ ಮೇಲಿನ ಭಾರವನ್ನು ಕಡಿಮೆ ಮಾಡುತ್ತದೆ. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಗಾಲಿಗೆ ಸಮಬಲ ಕೊಡುವುದರಿಂದ, ಜಾರುವ ಗಾಲಿ ತಾಳಿಕೊಂಡಷ್ಟೇ ಬಲ ಇನ್ನೊಂದಕ್ಕೂ ಸಿಗುತ್ತದೆ. ಜಾರುವಿಕೆಯನ್ನು ಹದ್ದಿನಲ್ಲಿಡುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಬೀದಿಗೂ ಪಥಕ್ಕೂ ಒಗ್ಗುತ್ತದೆ. ಎರಡೂ ಗಾಲಿಯನ್ನು ಒಂದೇ ಅಚ್ಚಿಗೆ ಕಟ್ಟಿಬಿಡುವ ‘ಸ್ಪೂಲ್’ ನೇರ ಓಟಕ್ಕೆ ಅತ್ಯುತ್ತಮ. ಆದರೆ ತಿರುವಿನಲ್ಲಿ ಒಳಗಿನ ಗಾಲಿ ಕಡಿಮೆ, ಹೊರಗಿನದು ಹೆಚ್ಚು ತಿರುಗಬೇಕೆಂಬ ನಿಯಮವನ್ನು ಅದು ಪಾಲಿಸುವುದಿಲ್ಲ. ಡಿಫರೆನ್ಷಿಯಲ್ಲಿನ ಒಳಗೇರುಗಳನ್ನು ವೆಲ್ಡಿಂಗ್ ಮಾಡಿಸಿ ಅಗ್ಗದ ಸ್ಪೂಲ್ ಮಾಡಿಕೊಳ್ಳುವವರು ಎಲ್ಲ ಊರಲ್ಲೂ ಇದ್ದಾರೆ. ಅಂಥ ಗಾಡಿಯನ್ನು ಮಳೆ ಬಿದ್ದ ರಸ್ತೆಯ ತಿರುವಿಗೆ ಒಯ್ಯುವುದು ನೇರ ಅಪಘಾತಕ್ಕೆ ಒಯ್ದಂತೆ.

ಹಿಡಿತ ಬಂದ ಮೇಲೆ ಮುರಿಯುವ ಕಾಲ ಶುರುವಾಗುತ್ತದೆ. ಟೈರು ಜಾರುತ್ತಿದ್ದಾಗ ಅದೇ ಒಂದು ರಕ್ಷಣೆಯಾಗಿತ್ತು. ಟೈರು ಹಿಡಿದ ಕೂಡಲೇ ಹೊಡೆತ ಹಿಂದಿನ ಭಾಗಗಳಿಗೆ ಬೀಳುತ್ತದೆ. ಮೊದಲು ಸೋಲುವುದು ಬಹುತೇಕ ಎಕ್ಸೆಲ್ ಶಾಫ್ಟ್. ಲಾರಿಯ ಹಿಂಗಾಲಿಯ ನಡುವೆ ಬೋಲ್ಟ್‌ಗಳ ಸುತ್ತು ಎದ್ದು ಕಾಣುತ್ತದಲ್ಲ, ಅದು ಫುಲ್ ಫ್ಲೋಟಿಂಗ್ ಎಕ್ಸೆಲ್‌ನ ಗುರುತು. ಅಲ್ಲಿ ಗಾಡಿಯ ಭಾರ ಹೊರುವುದು ಹೌಸಿಂಗ್, ಶಾಫ್ಟ್‌ನ ಕೆಲಸ ತಿರುಗಿಸುವುದು ಮಾತ್ರ. ಶಾಫ್ಟ್ ತುಂಡಾದರೂ ಗಾಲಿ ಕಳಚುವುದಿಲ್ಲ. ಹಗುರ ಗಾಡಿಗಳ ಸೆಮಿ ಫ್ಲೋಟಿಂಗ್ ಎಕ್ಸೆಲ್‌ನಲ್ಲಿ ಶಾಫ್ಟೇ ಭಾರವನ್ನೂ ಹೊರುತ್ತದೆ, ಮುರಿದರೆ ಗಾಲಿಯೇ ಹೊರಬರುವ ಸಂಭವವಿದೆ. ಅಮೆರಿಕದ ಡ್ರ್ಯಾಗ್ ಓಟಗಾರರು 1957ರಲ್ಲಿ ಬಂದ ಫೋರ್ಡ್ 9 ಇಂಚಿನ ಎಕ್ಸೆಲ್ ಅನ್ನು ಇಂದಿಗೂ ಬಿಡದಿರುವುದು ಅದರ ಗಟ್ಟಿತನಕ್ಕೆ ಮತ್ತು ಡಿಫರೆನ್ಷಿಯಲ್ ಅನ್ನು ಮುಂದಿನಿಂದ ಇಡಿಯಾಗಿ ಕಳಚಬಹುದಾದ ಅನುಕೂಲಕ್ಕೆ. ನಮ್ಮ ಕಡೆಯ ಲೇತ್‌ಗಳಲ್ಲಿ ಶಾಫ್ಟ್ ತಿರುವಿ ಕೊಡುವ ಕೈಚಳಕಕ್ಕೆ ಕೊರತೆಯಿಲ್ಲ. ಆದರೆ ಎಕ್ಸೆಲ್ ಶಾಫ್ಟ್‌ನ ಬಲ ಆಕಾರದಲ್ಲಿಲ್ಲ, ಉಕ್ಕಿನ ಜಾತಿಯಲ್ಲಿ ಮತ್ತು ಕಾಸಿ ಹದಮಾಡಿದ ರೀತಿಯಲ್ಲಿದೆ. ಹದ ಕಾಣದ ಉಕ್ಕಿನ ಶಾಫ್ಟ್ ನೋಡಲು ಅಸಲಿಯಂತೆಯೇ ಇದ್ದು, ಕೆಲವೇ ಓಟಗಳಲ್ಲಿ ಹಗ್ಗದಂತೆ ತಿರುಚಿಕೊಳ್ಳುತ್ತದೆ.

ಪ್ರೊಪೆಲ್ಲರ್ ಶಾಫ್ಟ್ ಕಡೆಗೆ ಬಂದರೆ, ಎರಡು ತುಂಡಿನ ಉದ್ದ ಶಾಫ್ಟ್, ನಡುವಿನ ಬೇರಿಂಗ್, ಸವೆದ ಕ್ರಾಸ್‌ಗಳು ಮೊದಲು ಪರೀಕ್ಷೆಯಾಗಬೇಕು. ಶಾಫ್ಟ್‌ನ ಮುಂತುದಿಯ ಸುತ್ತ ದಪ್ಪ ಉಕ್ಕಿನ ಬಳೆಯೊಂದನ್ನು ಚಾಸಿಗೆ ಬಿಗಿಯುವುದು ಕಡ್ಡಾಯವೆಂದೇ ತಿಳಿಯಬೇಕು. ಮುಂದಿನ ಕ್ರಾಸ್ ಮುರಿದರೆ ತಿರುಗುತ್ತಿರುವ ಶಾಫ್ಟ್ ನೆಲಕ್ಕೆ ಕುಟ್ಟಿಕೊಂಡು ಗಾಡಿಯನ್ನೇ ಎತ್ತಿಹಾಕಬಲ್ಲದು. ಬಳೆ ಅದನ್ನು ತಡೆಯುತ್ತದೆ. ಮ್ಯಾನ್ಯುಯಲ್ ಗೇರಿನ ಗಾಡಿಗೆ ಹೆಚ್ಚು ಒತ್ತಡದ ಪ್ರೆಷರ್ ಪ್ಲೇಟ್, ಬಿಸಿ ತಡೆಯುವ ಕ್ಲಚ್ ಪ್ಲೇಟ್ ಬೇಕು. ಆಟೊಮ್ಯಾಟಿಕ್ ಆದರೆ ಹೆಚ್ಚು ಆರ್‌ಪಿಎಂನಲ್ಲಿ ಕಚ್ಚುವ ಟಾರ್ಕ್ ಕನ್ವರ್ಟರ್ ಮತ್ತು ಗೇರ್ ಎಣ್ಣೆಗೆ ಪ್ರತ್ಯೇಕ ಕೂಲರ್ ಬೇಕು. ಟರ್ಬೊ ಡೀಸೆಲ್‌ಗೆ ಆಟೊಮ್ಯಾಟಿಕ್ ಹೆಚ್ಚು ಒಗ್ಗುತ್ತದೆ: ಬ್ರೇಕ್ ಒತ್ತಿಕೊಂಡೇ ಟರ್ಬೊದಲ್ಲಿ ಗಾಳಿಯ ಒತ್ತಡ ತುಂಬಿಕೊಳ್ಳಬಹುದು, ಗೇರ್ ಬದಲಿಸುವಾಗ ಒತ್ತಡ ಇಳಿಯುವುದಿಲ್ಲ.

ಗೇರಿನ ಅನುಪಾತವೇ ಬಹಳ ಜನ ಎಡವುವ ಜಾಗ. ಕ್ರೌನ್-ಪಿನಿಯನ್ ಅನುಪಾತ ಏರಿಸಿದರೆ ಗಾಡಿ ಚುರುಕಾಗುತ್ತದೆ ಎಂಬುದು ಪೆಟ್ರೋಲ್ ಗಾಡಿಗಳಿಂದ ಬಂದ ನಂಬಿಕೆ. ಮೇಲಿನ ಉದಾಹರಣೆಯ ಪಿಕಪ್ ಕಾಲು ಮೈಲಿಯ ಕೊನೆಯಲ್ಲಿ ಗಂಟೆಗೆ 140 ಕಿಲೋಮೀಟರ್ ವೇಗ ಮುಟ್ಟಿತು ಎನ್ನೋಣ. ಆಗ ಗಾಲಿ ನಿಮಿಷಕ್ಕೆ ಸುಮಾರು 977 ಸುತ್ತು ಹಾಕುತ್ತದೆ. ನೇರ ಗೇರಿನಲ್ಲಿ, 4 ಅನುಪಾತಕ್ಕೆ, ಎಂಜಿನ್ 3,900 ಸುತ್ತಿನಲ್ಲಿರುತ್ತದೆ. ಡೀಸೆಲ್‌ನ ಉಸಿರು ಹೆಚ್ಚುಕಡಿಮೆ ಅಲ್ಲಿಗೆ ಮುಗಿಯುತ್ತದೆ. ಅನುಪಾತವನ್ನು 4.5ಕ್ಕೆ ಏರಿಸಿದರೆ ಅದೇ ವೇಗಕ್ಕೆ 4,400 ಸುತ್ತು ಬೇಕಾಗಿ, ಗೆರೆ ಮುಟ್ಟುವ ಮೊದಲೇ ಇನ್ನೊಂದು ಗೇರ್ ಬದಲಿಸಬೇಕಾಗುತ್ತದೆ. ಅದರಲ್ಲಿ ಕಳೆದುಕೊಳ್ಳುವ ಸಮಯ ಗಳಿಸಿದ್ದಕ್ಕಿಂತ ಹೆಚ್ಚಾಗಬಹುದು. ಚಿಕ್ಕ ವ್ಯಾಸದ ಟೈರು ಹಾಕಿದರೂ ಇದೇ ಪರಿಣಾಮ. ಆದ್ದರಿಂದ ಟೈರು ಮತ್ತು ಅನುಪಾತ ಎರಡನ್ನೂ ಒಟ್ಟಿಗೆ, ಕಾಗದದ ಮೇಲೆ ಲೆಕ್ಕಹಾಕಿಯೇ ಖರ್ಚಿಗೆ ಇಳಿಯಬೇಕು. ನಾಲ್ಕು ಗಾಲಿ ಎಳೆತದ ಹೈಲಕ್ಸ್, ಇಸುಜು ವಿ-ಕ್ರಾಸ್‌ಗಳಲ್ಲಿ ಇನ್ನೊಂದು ದಾರಿ ಇದೆ. ನಾಲ್ಕೂ ಗಾಲಿಗೆ ಬಲ ಹೋದರೆ 2,100 ಕಿಲೋ ತೂಕವೆಲ್ಲ ಹಿಡಿತಕ್ಕೆ ಸಿಗುತ್ತದೆ. ಶೇ 85ರ ಲೆಕ್ಕದಲ್ಲಿ ಸುಮಾರು 1,785 ಕಿಲೋ, ಅಂದರೆ ಎಂಜಿನ್ ಕೊಡುವಷ್ಟಕ್ಕೆ ಸರಿಸಮ. ಈ ವ್ಯವಸ್ಥೆಯಲ್ಲಿ ಮುಂದಿನ, ಹಿಂದಿನ ಎಕ್ಸೆಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲದ್ದರಿಂದ ಒಣ ಡಾಂಬರಿನಲ್ಲಿ ನೇರಕ್ಕೆ ಮಾತ್ರ ಬಳಸಿ, ತಿರುಗುವ ಮೊದಲು ಬಿಡಿಸಬೇಕು. ನಾಲ್ಕೂ ಟೈರುಗಳ ಸುತ್ತಳತೆ ಒಂದೇ ಇರಬೇಕು.

ಈ ಲೆಕ್ಕಗಳಲ್ಲಿ ಊರಿನ ಎತ್ತರವನ್ನೂ ಮರೆಯಬಾರದು. ಗದಗ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಆ ಎತ್ತರದ ತೆಳು ಗಾಳಿಯಲ್ಲಿ ಟರ್ಬೊ ಇಲ್ಲದ ಎಂಜಿನ್ ತನ್ನ ಶಕ್ತಿಯ ಸುಮಾರು ಶೇ 6–7 ಕಳೆದುಕೊಳ್ಳುತ್ತದೆ, ಏಪ್ರಿಲ್-ಮೇ ಬಿಸಿಲು ಇನ್ನಷ್ಟು ಕಸಿಯುತ್ತದೆ. ಟರ್ಬೊ ಡೀಸೆಲ್‌ಗೆ ಈ ನಷ್ಟ ಕಡಿಮೆ.

ಬಿಡಿಭಾಗಗಳ ತಯಾರಿಕೆಯಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. ಮೈಸೂರಿನ ಆಟೊಮೋಟಿವ್ ಎಕ್ಸೆಲ್ಸ್ 1981ರಲ್ಲಿ ಸ್ಥಾಪನೆಯಾಗಿ ಲಾರಿ, ಬಸ್ಸುಗಳ ಎಕ್ಸೆಲ್ ಮಾಡುತ್ತಿದೆ. 2002ರಲ್ಲಿ ಸ್ಥಾಪನೆಯಾದ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಆಟೊ ಪಾರ್ಟ್ಸ್ ಗೇರ್‌ಬಾಕ್ಸ್, ಎಕ್ಸೆಲ್, ಪ್ರೊಪೆಲ್ಲರ್ ಶಾಫ್ಟ್‌ಗಳನ್ನು ತಯಾರಿಸುತ್ತದೆ. ಬೆಳಗಾವಿಯ ಫೌಂಡ್ರಿಗಳು ವಾಹನೋದ್ಯಮಕ್ಕೆ ಎರಕದ ಭಾಗ ಕೊಡುತ್ತವೆ. ಇವೆಲ್ಲ ಸರಕಿನ ಬಾಳಿಕೆಗೆ ಮಾಡಿದವು. ಡ್ರ್ಯಾಗ್‌ಗೆಂದೇ ಮಾಡಿದ ಟೈರು, ಸ್ಪೂಲ್, ಕನ್ವರ್ಟರ್‌ಗಳು ಹೊರದೇಶದಿಂದ ಬರಬೇಕು.

ಓಡಿಸುವ ಜಾಗದ ಪ್ರಶ್ನೆ ಎಲ್ಲಕ್ಕಿಂತ ಗಂಭೀರ. ಭಾರತದಲ್ಲಿ ಡ್ರ್ಯಾಗ್ ಓಟ ಬೆಳೆದದ್ದು ವಿಮಾನದ ಓಡುಪಟ್ಟಿಗಳ ಮೇಲೆ: ಮೊದಲು ಚೆನ್ನೈ ಬಳಿಯ ಶೋಳವರಂ, ಈಚೆಗೆ ಪುಣೆ ಜಿಲ್ಲೆಯ ಆಂಬಿ ವ್ಯಾಲಿಯಲ್ಲಿ ನಡೆದ ‘ವ್ಯಾಲಿ ರನ್’. ಅಧಿಕೃತ ಸ್ಪರ್ಧೆಗಳಿಗೆ ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟದ (ಎಫ್‌ಎಂಎಸ್‌ಸಿಐ) ಅನುಮತಿ, ಪರವಾನಗಿ, ಆಂಬ್ಯುಲೆನ್ಸ್, ಗಾಡಿಯ ತಪಾಸಣೆ ಎಲ್ಲ ಬೇಕು. ಗದಗ ಜಿಲ್ಲೆಯಲ್ಲಿ ಅಂಥ ಪಥವಿಲ್ಲ. ಹುಬ್ಬಳ್ಳಿಯಿಂದ ಗದಗ ಹಾಯ್ದು ಹೊಸಪೇಟೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 67 ಹಲವೆಡೆ ನೇರವಾಗಿದೆ ಎಂಬುದು ಓಟಕ್ಕೆ ಕಾರಣವಾಗಕೂಡದು. ಅದೇ ದಾರಿಯಲ್ಲಿ ರಾತ್ರಿ ಹಿಂಬದಿ ದೀಪವಿಲ್ಲದ ಟ್ರೇಲರ್‌ಗಳೂ ಬರುತ್ತವೆ, ಚಕ್ಕಡಿಗಳೂ ಬರುತ್ತವೆ.

ಕಾನೂನೂ ಸ್ಪಷ್ಟವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಮಾಲೀಕ ಮಾಡಿಸಿದ ಪ್ರತಿ ಅಕ್ರಮ ಬದಲಾವಣೆಗೆ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಬೀಳಬಹುದು. ಸಾರ್ವಜನಿಕ ರಸ್ತೆಯಲ್ಲಿ ಅನುಮತಿಯಿಲ್ಲದ ಓಟಕ್ಕೆ 189ನೇ ಕಲಮಿನಡಿ ಮೊದಲ ಸಲ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಮರುಕಳಿಸಿದರೆ ಒಂದು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಇದೆ.

ಸೋಮವಾರ ಮತ್ತೆ ಸರಕು ಹೊರಬೇಕಾದ ಪಿಕಪ್‌ನ ಮಾಲೀಕರು ಸ್ಪೂಲ್, ಸ್ಲಿಕ್, ಏರಿಸಿದ ಅನುಪಾತಗಳ ಗೊಡವೆಗೆ ಹೋಗದಿರುವುದೇ ಸರಿ. ಓಡಿಸಲೇಬೇಕೆಂಬ ಆಸೆ ಇದ್ದವರು ಅದಕ್ಕೆಂದೇ ಬೇರೆ ಗಾಡಿ ಇಟ್ಟು, ಅದನ್ನು ಲಾರಿಯ ಮೇಲೆ ಹೇರಿಕೊಂಡು ಅನುಮತಿ ಪಡೆದ ಪಥಕ್ಕೆ ಒಯ್ಯಲಿ.